ಮಿದುಳಿನ ಭಾಷಾಕೇಂದ್ರಗಳೂ ಸ್ತ್ರೀಪುರುಷಭೇದವೂ: ಒಂದು ವಿಮರ್ಶೆ

ಭಾಷಾವ್ಯವಹಾರದಲ್ಲಿ ಪುರುಷರು ಮಿದುಳಿನ ಎಡಪಾರ್ಶ್ವವನ್ನೂ ಸ್ತ್ರೀಯರು ಉಭಯಪಾರ್ಶ್ವಗಳನ್ನೂ ಬಳಸುವರೆಂಬ ಮಾತು ಸಿದ್ಧಾಂತದಂತೆ ಪ್ರಚಲಿತವಾಗಿದೆ. ಇದಕ್ಕೆ ಪ್ರಸಿದ್ಧಿ ತಂದುದು 1995ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಷೇವಿಟ್ಸ್ ದಂಪತಿಗಳೂ ಅವರ ಸಹೋದ್ಯೋಗಿಗಳೂ ಪ್ರಕಟಿಸಿದ ಲೇಖನ. ಪರೀಕ್ಷೆಗೊಳಗಾದವರು 19 ಪುರುಷರು, 19 ಸ್ತ್ರೀಯರು. ಭೇದ ಕಂಡುದು ಪ್ರಾಸವನ್ನು ಗುರುತಿಸುವ ಒಂದೇ ಕಾರ್ಯದಲ್ಲಿ. ಸ್ತ್ರೀಯರಲ್ಲಿಯೂ 11 ಮಂದಿ ಮಾತ್ರ ಆ ಉಭಯಪಾರ್ಶ್ವ ಲಕ್ಷಣವನ್ನು ತೋರಿದರು; ಕಾರ್ಯಸಾಮರ್ಥ್ಯದಲ್ಲಿ ಇಬ್ಬರೂ ಸಮಾನರಾಗಿದ್ದರು. 2004ರಲ್ಲಿ ಸೊಮ್ಮರ್ ಮೊದಲಾದವರು 14 ಅಧ್ಯಯನಗಳನ್ನು ಒಟ್ಟುಗೂಡಿಸಿ, 800ಕ್ಕೂ ಹೆಚ್ಚು ಜನರ ಫಲಿತಾಂಶಗಳನ್ನು ಪರಿಶೀಲಿಸಿದಾಗ ಗಣನೀಯ ಭೇದವು ದೊರೆಯಲಿಲ್ಲ. ಆದರೂ ಮೊದಲ ವರದಿಗೆ ಸಂದ ಕೀರ್ತಿ ಈ ತಿದ್ದುಪಡಿಗೆ ಸಲ್ಲಲಿಲ್ಲ.

ಒಂದೇ ಶಾಸನವನ್ನು ನಂಬಿ ರಾಜವಂಶಾವಳಿಯನ್ನು ಕಟ್ಟಲೊಲ್ಲದ ಇತಿಹಾಸದ ಅಧ್ಯಾಪಕರಾದ ನಾವು, ಒಂದೇ ಪ್ರಯೋಗವನ್ನು ನಂಬಿ ಭಾಷೆಯು ಹೆಣ್ಣುಮಕ್ಕಳಿಗೆ ಸಹಜವಾದ ವಿಷಯವೆಂದು ತರಗತಿಯಲ್ಲಿ ವಿಧಿಸಬಹುದೇ? ವಿದ್ಯಾರ್ಥಿಯ ವ್ಯಾಸಂಗವನ್ನು ನಿರ್ಣಯಿಸಬೇಕಾದುದು ಅವನ ಅಥವಾ ಅವಳ ಅಭಿರುಚಿ, ಇಂಥ ಅರೆಸಾಕ್ಷ್ಯವಲ್ಲ.