ಒಣ ಚರ್ಮಕ್ಕೆ ಒಗ್ಗುವ ಸನ್‌ಸ್ಕ್ರೀನ್
ಒಣಗಿದ, ಬೇಗ ಉರಿಯೇಳುವ ಮುಖಕ್ಕೆ ದಿನವೂ ಹಚ್ಚುವ ಸನ್‌ಸ್ಕ್ರೀನ್‌ಗಳಲ್ಲಿ, ಸುವಾಸನೆ ಬೆರೆಸದ ಜಿಂಕ್ ಆಕ್ಸೈಡ್, ಅಂದರೆ ಸತುವಿನ ಆಕ್ಸೈಡಿನ ಬಿಳಿ ಪುಡಿಯನ್ನು ಆಧರಿಸಿದವುಗಳಿಗೆ ಮೊದಲ ಸ್ಥಾನ ಸಲ್ಲಬೇಕು. ಈ ಪುಡಿ ಬಿಸಿಲನ್ನು ಬರಿದೆ ಪ್ರತಿಫಲಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ, ವಾಸ್ತವದಲ್ಲಿ ಅದು ನೇರಳಾತೀತ ಕಿರಣಗಳ ಬಹುಪಾಲನ್ನು ಹೀರಿಕೊಳ್ಳುತ್ತದೆ. ಚರ್ಮವನ್ನು ಸುಟ್ಟು ಕೆಂಪಾಗಿಸುವ ಯುವಿಬಿ ಕಿರಣಗಳನ್ನೂ, ಇನ್ನೂ ಆಳಕ್ಕಿಳಿದು ಸುಕ್ಕು ತರುವ ಯುವಿಎ ಕಿರಣಗಳನ್ನೂ ಒಂದೇ ವಸ್ತು ತಡೆಯುವುದು, ಅದೂ ಅಲರ್ಜಿ ತೀರ ಅಪರೂಪವೆನ್ನುವಷ್ಟು ಸೌಮ್ಯವಾಗಿ ತಡೆಯುವುದು, ನಿಜಕ್ಕೂ ಮೆಚ್ಚತಕ್ಕ ಗುಣ. ಆದರೆ ಪುಡಿಯೊಂದೇ ಆದರೆ ಅದು ಚರ್ಮದ ಎಣ್ಣೆಯಂಶವನ್ನು ಹೀರಿ ಬಿಗಿತ ತರುವುದರಿಂದ, ನೀರಿನಂಶವನ್ನು ಹಿಡಿದಿಡುವ ಗ್ಲಿಸರಿನ್, ಚರ್ಮದ ಹೊರಪದರದಲ್ಲೇ ಇರುವ ಸೆರಮೈಡ್ ಎಂಬ ಕೊಬ್ಬಿನಂಶ ಇವುಗಳೊಡನೆ ಅದನ್ನು ಗಂಟಿಲ್ಲದಂತೆ ಬೆರೆಸುವುದರಲ್ಲೇ ತಯಾರಕರ ಕುಶಲತೆ ಕಾಣುತ್ತದೆ. ಕಂದು ಮುಖದ ಮೇಲೆ ಬೂದಿ ಬಳಿದಂತೆ ಉಳಿಯುವ ಬಿಳುಪು ಇದರ ದೊಡ್ಡ ದೋಷ. ಕಬ್ಬಿಣದ ಆಕ್ಸೈಡಿನ ಕೆಂಪು, ಹಳದಿ ಬಣ್ಣ ಸೇರಿಸಿದ ಲೇಪಗಳು ಅದನ್ನು ಮರೆಸುವುದಲ್ಲದೆ, ಬಂಗನ್ನು ಹೆಚ್ಚಿಸುವ ಗೋಚರ ಬೆಳಕನ್ನೂ ಕೆಲಮಟ್ಟಿಗೆ ತಡೆಯುತ್ತವೆ. ಎಸ್‌ಪಿಎಫ್ ಅನ್ನು, ಅಂದರೆ ಚರ್ಮ ಸುಡದಂತೆ ಕಾಯುವ ಶಕ್ತಿಯ ಅಳತೆಯನ್ನು, ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂನಂತೆ ಲೇಪಿಸಿ ಗೊತ್ತುಪಡಿಸುವುದರಿಂದ, ಉರಿಯ ಅಂಜಿಕೆಯಿಂದ ತೆಳುವಾಗಿ ಸವರಿದ 50ರ ಲೇಪಕ್ಕಿಂತ ಹಿತವೆನಿಸಿ ಧಾರಾಳವಾಗಿ ಹಚ್ಚಿದ 30ರ ಲೇಪವೇ ಹೆಚ್ಚು ಕಾಪಾಡಬಲ್ಲದು.