ನೆರೆ ಇಳಿದ ಮೇಲಿನ ಕಥೆಗೆ ದುಡ್ಡು ಕೊಡುವವರು ಬೇಕು

ಜುಲೈ ಬಂತೆಂದರೆ ಚಿಕ್ಕೋಡಿ ಸೀಮೆಯ ಸುದ್ದಿ ಹೆಚ್ಚುಕಡಿಮೆ ಒಂದೇ ಬಗೆಯದು. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಭೋಜ–ಕಾರದಗಾ, ಸಿದ್ನಾಳ–ಅಕ್ಕೋಳ ಸೇತುವೆಗಳು ಜಲಾವೃತ, ಮಹಾರಾಷ್ಟ್ರದಿಂದ ಇಷ್ಟು ಸಾವಿರ ಕ್ಯುಸೆಕ್ ನೀರು, ನದಿತೀರದವರಿಗೆ ಎಚ್ಚರಿಕೆ. ಈ ಸುದ್ದಿ ಬೇಕೇ ಬೇಕು. ಆದರೆ 2005, 2019, 2021ರ ಮಹಾಪೂರ ಕಂಡ ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯ ಜನ ನೀರಿಳಿದ ಮೇಲೆ ಬದುಕನ್ನು ಹೇಗೆ ಕಟ್ಟಿಕೊಂಡರು ಎಂಬುದನ್ನು ಓದಬೇಕೆಂದರೆ ಹುಡುಕಬೇಕು. ಸುಳಿಯೊಳಗೆ ರಾಡಿ ಹೊಕ್ಕು ಕೊಳೆತ ಕಬ್ಬನ್ನು ಕಡಿದು ಹಾಕುವುದು, ಹೊಲ ಹಸನು ಮಾಡುವುದು, ದನಗಳಿಗೆ ಮೇವು ಹೊಂದಿಸುವುದು ತಿಂಗಳುಗಟ್ಟಲೆ ನಡೆಯುವ ಕೆಲಸ. ಅಷ್ಟು ದಿನ ಊರಲ್ಲೇ ಇದ್ದು ಬರೆಯುವವರಿಗೆ ಸಂಬಳ ಕೊಡುವವರಿಲ್ಲ.

ದುಡ್ಡೇ ಇಲ್ಲವೆಂದಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ವಿಪತ್ತು ಪರಿಹಾರ, ಪರಿಸರ, ಕಲೆ ಎಲ್ಲವೂ ಅದರ ಪಟ್ಟಿಯಲ್ಲಿವೆ. ಕಂಬಳಿ, ಕಿಟ್ ಹಂಚಿದರೆ ವರದಿಯಲ್ಲಿ ಲೆಕ್ಕ ತೋರಿಸುವುದು ಸುಲಭ. ಕಥೆಗೆ ಹಾಗೆ ಲೆಕ್ಕ ಕೊಡಲಾಗದು.

ಇಂಥ ಕಥೆಗಳಿಗೆ ಹಣ ಹೊಂದಿಸುವುದಕ್ಕೆ ಈ ಭಾಗಕ್ಕೆ ಹತ್ತಿರದ ಒಳ್ಳೆಯ ಮಾದರಿ ‘ಪರಿ’. ಪಿ. ಸಾಯಿನಾಥ್ 2014ರಲ್ಲಿ ಆರಂಭಿಸಿದ ಈ ಗ್ರಾಮೀಣ ಪತ್ರಾಗಾರ ಕನ್ನಡದಲ್ಲೂ ಪ್ರಕಟವಾಗುತ್ತದೆ. ಹವಾಮಾನ ಬದಲಾವಣೆಯನ್ನು ಸಾಮಾನ್ಯರ ಬಾಯಲ್ಲೇ ಹೇಳಿಸಿದ ಅದರ ಸರಣಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ (ಯುಎನ್‌ಡಿಪಿ) ನೆರವಿತ್ತು. ಪತ್ರಕರ್ತ ಸಂಕೇತ್ ಜೈನ್ ಬರೆದ ಗ್ರಾಮೀಣ ಕುಶಲಕರ್ಮಿಗಳ ಸರಣಿಗೆ ಮೃಣಾಲಿನಿ ಮುಖರ್ಜಿ ಪ್ರತಿಷ್ಠಾನ ಹಣ ಕೊಟ್ಟಿತು. ನಿಪ್ಪಾಣಿ ಸೀಮೆಯ ಮಾಣಕಾಪುರದ ಶಹನಾಯಿ ತಯಾರಕರು ಅದರಲ್ಲಿ ಬರುತ್ತಾರೆ. ಯಾವ ಉಪಕರಣ, ಎಷ್ಟು ಹೊತ್ತಿನ ದುಡಿಮೆ, ಕೈಗೆ ಸಿಗುವುದೆಷ್ಟು ಎಂದು ಬರಹ ಅವರ ಕೆಲಸದ ಪಕ್ಕದಲ್ಲೇ ಕೂತು ನೋಡುತ್ತದೆ. ನೆರೆ ಬಂದಾಗ ಕ್ಯಾಮೆರಾ ಹಿಡಿದು ಓಡಿಬರುವ ವರದಿಗಾರಿಕೆಗೆ ಈ ನಿಧಾನ ಸಾಧ್ಯವಿಲ್ಲ. ಆದರೂ ಒಬ್ಬ ಕರ್ಮಿಗೆ ಒಂದು ಬರಹ ಎಂಬ ಚೌಕಟ್ಟಿನಲ್ಲಿ ಮರುವರ್ಷ ಅದೇ ಮನೆಗೆ ಹೋಗಿ ಏನಾಯಿತೆಂದು ಕೇಳಲು ಜಾಗ ಕಡಿಮೆ. ನೆರೆಯನ್ನು ತಾಳಿಕೊಂಡು ಮತ್ತೆ ಬದುಕು ಕಟ್ಟುವವರ ಕಥೆಗೆ ಆ ಮರುಭೇಟಿಯೇ ಮುಖ್ಯ.

ಅಥಣಿಯನ್ನೇ ನೋಡಿ. ದರೂರ, ನದಿ ಇಂಗಳಗಾಂವ ನೀರಲ್ಲಿ ನಿಂತರೆ, ಅದೇ ತಾಲ್ಲೂಕಿನ ಅನಂತಪುರ, ತೆಲಸಂಗ ಕಡೆ ಬರಗಾಲದ ಮಾತು. ಎರಡನ್ನೂ ಒಂದೇ ಕಥೆಯಾಗಿ ಹೇಳಬೇಕಾದರೆ ಬರೆಯುವವರು ನಾಲ್ಕಾರು ಹಂಗಾಮು ಅಲ್ಲಿರಬೇಕು. ಆರು ತಿಂಗಳ ಅನುದಾನ ಅದಕ್ಕೆ ಸಾಲದು.

ಇನ್ನೊಂದು ಸೂಕ್ಷ್ಮವಿದೆ. ಇಲ್ಲಿ ಕೈಯಳತೆಯಲ್ಲಿರುವ ದಾನಿಗಳೆಂದರೆ ಸಕ್ಕರೆ ಕಾರ್ಖಾನೆಗಳು. ಉಗಾರದ್ದು 1939ರಷ್ಟು ಹಳೆಯದು. ಅತಿಯಾಗಿ ನೀರುಂಡು ಸವಳು-ಜವಳಾದ ಕಬ್ಬಿನ ಹೊಲಗಳ ಬಗ್ಗೆ ಬರೆಯದೆ ಕಾಗವಾಡ, ರಾಯಬಾಗದ ಹವಾಮಾನದ ಕಥೆ ಪೂರ್ತಿಯಾಗುವುದಿಲ್ಲ. ಕಾರ್ಖಾನೆಯ ಹಣದಲ್ಲಿ ಅದನ್ನು ಬರೆಯಬೇಕೆಂದರೆ ದಾನಿಗೂ ಬರಹಗಾರನಿಗೂ ನಡುವೆ ಸ್ವತಂತ್ರ ಟ್ರಸ್ಟೊಂದು ಇರಲೇಬೇಕು.

ಕೇಳುಗರ ಕೊರತೆಯಂತೂ ಇಲ್ಲ. ಕುರ್ಲಿ–ಅಪ್ಪಾಚಿವಾಡಿಯ ಹಾಲಸಿದ್ಧನಾಥ ಜಾತ್ರೆಯಲ್ಲಿ ಮಳೆ-ಬೆಳೆಯ ಭವಿಷ್ಯ ಸಾರುವ ಭಾಕಣೂಕ ಕೇಳಲು ಎರಡೂ ರಾಜ್ಯಗಳ ಜನ ಸೇರುತ್ತಾರೆ. ಅದು ಮರಾಠಿಯಲ್ಲಿ ನಡೆಯುತ್ತದೆ. ಗಡಿಯ ಈ ಊರುಗಳಲ್ಲಿ ಮಳೆಯ ಮಾತು ಎರಡು ಭಾಷೆಗಳಲ್ಲಿ ಓಡಾಡುವಾಗ ಕನ್ನಡದಲ್ಲಷ್ಟೇ, ಅದರಲ್ಲೂ ಇಂಗ್ಲಿಷಿನಲ್ಲಷ್ಟೇ ಕಥೆ ಬರೆಸಿದರೆ ಅದು ಹೇಳಿದವರ ಮನೆಗೇ ಮುಟ್ಟುವುದಿಲ್ಲ. ಅನುವಾದದ ಖರ್ಚನ್ನು ಅನುದಾನದಲ್ಲೇ ಸೇರಿಸಬೇಕು.

ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ, ರಾಯಬಾಗ ಈ ಐದು ತಾಲ್ಲೂಕಿಗೆ ಸ್ಥಳೀಯರೇ ಆದ ಐವರು ಬರಹಗಾರರು, ಮೂರು ವರ್ಷದ ಸಂಬಳ, ಕನ್ನಡ-ಮರಾಠಿ ಎರಡರಲ್ಲೂ ಪ್ರಕಟಣೆ, ಬರೆದದ್ದರಲ್ಲಿ ಕೈಯಾಡಿಸುವುದಿಲ್ಲವೆಂಬ ಲಿಖಿತ ಒಪ್ಪಂದ. ಮುಂದಿನ ಮುಂಗಾರಿಗೆ ಮೊದಲು ಇಷ್ಟನ್ನು ಒಪ್ಪುವ ಒಂದು ಸಂಸ್ಥೆಯಾದರೂ ಮುಂದೆ ಬರಲಿ.