ಗುಡುಗುಡಿಯ ಸದ್ದು

ಮಾಲೂರಿನ ನಮ್ಮ ಬೀದಿಯಲ್ಲಿ ಯಾರಾದರೂ ತೀರಿಕೊಂಡರೆ ರಾತ್ರಿಯಿಡೀ ಭಜನೆ. ತಂಬೂರಿ, ತಾಳ, ಕೈವಾರ ತಾತಯ್ಯನವರ, ಶಿಶುನಾಳ ಶರೀಫರ ತತ್ವಪದಗಳು. ಹಾಗೆ ಕೇಳಿ ಬೆಳೆದವಳಿಗೆ, ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಪದಕ್ಕೆ ಕುಣಿದಾಗ ಕಸಿವಿಸಿಯಾಯಿತು.

ಹಾಡಿದ್ದು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರ ತಂಡ. 2008ರ ಅವರ ಮೊದಲ ಆಲ್ಬಮ್ಮಿನಲ್ಲಿ ಕನ್ನಡದ್ದು ಎರಡೇ ಹಾಡು, ಎರಡೂ ಶರೀಫರವು. ಉಳಿದವು ಹಿಂದಿ, ಇಂಗ್ಲಿಷು. ಗಿಟಾರಿನ ಪಕ್ಕದಲ್ಲಿ ಪಿಟೀಲೂ ಇತ್ತು. 2011ರಲ್ಲಿ ಇಂಗ್ಲೆಂಡಿನ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ ಬಂತು. 2013ರ ‘ಜಗ್ ಚಂಗಾ’ ಹೊತ್ತಿಗೆ ಸದ್ದು ಇನ್ನೂ ಹಿಗ್ಗಿತ್ತು. ಅದರಲ್ಲಿನ ‘ಲೋಕದ ಕಾಳಜಿ’ಗೆ ಆ ಹುರುಪು ಒಪ್ಪುತ್ತದೆ, ಊರ ಉಸಾಬರಿ ಹೊತ್ತವರನ್ನು ಗೇಲಿ ಮಾಡುವ ಪದ ಅದು. ಗುಡುಗುಡಿ ಹಾಗಲ್ಲ. ದೇಹವನ್ನೇ ಹುಕ್ಕವಾಗಿಸಿ ಒಳಗಿನ ಕೆಟ್ಟದ್ದನ್ನು ಸುಡು ಎನ್ನುತ್ತದೆ. ಕುಣಿತದ ಭರದಲ್ಲಿ ಆ ಬಿಸಿ ತಾಕುವುದಿಲ್ಲ.

ಆದರೆ ಮರುದಿನ ಹುಡುಗಿಯೊಬ್ಬಳು, “ಮಿಸ್, ಗುಡುಗುಡಿ ಅಂದ್ರೇನು?” ಎಂದಳು. ಇಷ್ಟು ವರ್ಷ ಪಾಠ ಮಾಡಿದ್ದೇನೆ. ತತ್ವಪದದ ಅರ್ಥ ತಾನಾಗಿ ಕೇಳಿ ಬಂದ ಮೊದಲ ಮಗು ಅವಳೇ. ಪದವನ್ನು ಮಕ್ಕಳ ಬಾಯಿಗೆ ತಂದದ್ದು ಆ ತಂಡ. ಅರ್ಥ ಹೇಳುವ ಕೆಲಸ ನಮ್ಮದು. ಅದನ್ನು ಬಿಟ್ಟು ಸದ್ದನ್ನು ದೂರುತ್ತ ಕೂತಿದ್ದೆ.